ಹೊಟ್ಟೆಯ ಹಾಡು

ನನ್ನ ಹೊಟ್ಟೆಯೊಳಗಿನ ಮಗು ಹಾಡಿದರೆ ಕಡಲಿನ ಮೀನುಗಳು ದಡಕ್ಕೆ ಬಂದು ಸಾಲಾಗಿ ಕೂರುತ್ತವೆ! ಹೊಟ್ಟೆಗೆ ಕೇಳುಪಟ್ಟಿ ಕಟ್ಟಿದರೆ ಬೆಳೆಯುವ ಮಿದುಳಿನ ನರಗಳ ಮಾತುಕತೆ ರಾಗವಾಗಿ ಕೇಳುವುದು ಎಲ್ಲ ಬಸುರಿಯರಿಗೂ ಉಂಟು, ಇಲ್ಲವೆನ್ನುವುದಿಲ್ಲ. ಆದರೆ ನನ್ನ ಮಗುವಿನ ಮುಂದೆ ಅವೆಲ್ಲ ಸೊಳ್ಳೆಯ ಗುಂಯ್.

ಇವತ್ತಿನ ತಪಾಸಣೆಯಲ್ಲೂ ರಾಗ ಜೋರಾಗಿಯೇ ಬಂತು. ನರ್ಸ್ ಫೆಲ್ಸಿಬಾಯಿ ಕಿವಿಗೊಟ್ಟು ಕೇಳಿ, ನನ್ನ ಕೈಗೆ ಒಂದು ಲೋಟ ನೀರು ಕೊಟ್ಟರು.

"ಕುಡಿ ಮಾರಾಯ್ತಿ."

ಕುಡಿದೆ. ರಾಗ ನಿಂತಿತು.

"ಬಾಯಿ ಮುಚ್ಚಿ ಗುನುಗಿದ್ದು ನೀನೇ ಅಲ್ವಾ, ಐರಿನ್? ಮಗುವಿಗೆ ಎಂತ ಆಯ್ತು?"

ಲೋಟ ಕೆಳಗಿಟ್ಟೆ. "ನಿನ್ನೆ ನಾದಿನಿಯ ಮದುವೆಯಲ್ಲಿ ಹರಸಿ ಲೋಟ ಎತ್ತುವ ಟೋಸ್ಟಿಗೆ ಮನೆಯ ದ್ರಾಕ್ಷಿ ವೈನ್ ಕುಡಿದೆ, ಫೆಲ್ಸಿಬಾಯಿ. ಒಂದೇ ಗುಟುಕು ಅಂತ ಶುರುಮಾಡಿದ್ದು, ಬಾಟ್ಲಿ ಮುಗೀತು. ಆಗಿನಿಂದ ಒದೀತದೆ, ಹಾಡುದಿಲ್ಲ. ಇನ್ನು ಹಾಡ್ತದಾ?"