ಕೊಳೆಯ ವ್ರತ

ಮುಸಲ್ಮಾನರ ಆಳ್ವಿಕೆ ಮುಗಿದ ಸ್ಪೇನಿನಲ್ಲಿ ಮೈ ತೊಳೆಯುವುದೇ ಒಂದು ಗಂಡಾಂತರ. ಮಿಂದು ಮಡಿಯಾಗಿ ಓಡಾಡಿದವನನ್ನು, ಕದ್ದು ನಮಾಜು ಮಾಡುವವನೆಂದು ಪಾದ್ರಿಗಳಿಗೆ ಹಿಡಿದುಕೊಡುತ್ತಿದ್ದರು. ಪಾದ್ರಿಗಳು ಅವನನ್ನು ಬೆಂಕಿಗೆ ಕೊಡುತ್ತಿದ್ದರು. ದಾರಿಬದಿಯ ಛತ್ರದವನೂ ಎಲ್ಲರಂತೆ ಬೆವರು ನಾರುತ್ತಲೇ ಬಾಳ್ವೆ ನಡೆಸಿದ್ದ.

ಅವನಿಗಿಂತ ಹತ್ತು ಪಾಲು ನಾರುವ ಸರದಾರನೊಬ್ಬ ಒಂದು ಸಂಜೆ ಛತ್ರದ ಮುಂದೆ ಕುದುರೆಯಿಂದಿಳಿದ. ಶತ್ರುವಿನ ತಲೆ ಉರುಳಿಸುವ ತನಕ ಸ್ನಾನ ಮಾಡುವುದಿಲ್ಲವೆಂದು ಆಣೆಯಿಟ್ಟಿದ್ದನಂತೆ. ಒಳಗೆ ಬಂದವನೇ ಮೂಗರಳಿಸಿದ.

"ನೆಲ ಇಷ್ಟು ಫಳಫಳ ಅಂತಿದೆಯಲ್ಲೋ! ದಿನಾ ಮೀಯೋ ಜಾತಿಯಾ ನೀನು?"

"ಅಯ್ಯೋ, ಇಲ್ಲ ಬುದ್ಧಿ. ಬೇಕಾದ್ರೆ ನನ್ನ ಕಂಕುಳು ಮೂಸಿ ನೋಡಿ."

"ಮುಚ್ಚು ಬಾಯಿ! ನಾಳೆ ಪಾದ್ರಿಗಳ ಮುಂದೆ ನಿಲ್ಲಿಸ್ತೀನಿ. ಚರ್ಮ ಸುಡುವಾಗ ನಿಜ ತಾನಾಗೇ ಬರುತ್ತೆ."

ಛತ್ರದವನು ತಂಬಿಗೆ ತಂದ. ಹಲ್ಲು ಕಚ್ಚಿಕೊಂಡೇ, ಊಟಕ್ಕೆ ಮುಂಚೆ ಸರದಾರನ ಕೈಗೆ ನೀರು ಹೊಯ್ದ. ಸರದಾರ ಬೈಯುತ್ತಲೇ ಕೈಯೊಡ್ಡಿದ. ಬೈಗುಳದ ಭರದಲ್ಲಿ ಕೈಗಳು ತಮ್ಮ ಪಾಡಿಗೆ ತಾವು ಕೆಲಸ ನಡೆಸಿದವು. ಬಾಯಿ ಮುಕ್ಕಳಿಸಿ, ಮುಖ ತೊಳೆದು, ಬಲಗೈ ಮೊಣಕೈವರೆಗೆ, ಎಡಗೈ ಮೊಣಕೈವರೆಗೆ ತೊಳೆದಾಯಿತು. ಒದ್ದೆ ಅಂಗೈ ನೆತ್ತಿಯ ಮೇಲೂ ಸರಿಯಿತು.

ಛತ್ರದವನು ತಂಬಿಗೆ ಕೆಳಗಿಟ್ಟ.

"ಸಿಕ್ಕಿಬಿದ್ರಿ ಬುದ್ಧಿ. ಇದು ಊಟಕ್ಕೆ ತೊಳೆಯೋ ರೀತಿ ಅಲ್ಲ, ನಮಾಜಿಗೆ ತೊಳೆಯೋ ರೀತಿ. ಇನ್ನು ಪಾದ ಒಂದು ಬಾಕಿ."

ಸರದಾರನ ಕೈ ಕತ್ತಿಯ ಹಿಡಿಗೆ ಹೋಗಿ ಅಲ್ಲೇ ನಿಂತಿತು.

"ಪಾದ ಬಾಕಿ ಅಂತ ನಿನಗೆ ಯಾರು ಹೇಳಿಕೊಟ್ರೋ?"