ಹಮದ್ ಒಪ್ಪಿಕೊಂಡ ತಪ್ಪು

ಎಂಜಿನ್ನಿನ ಸದ್ದು ಒಮ್ಮೆಲೇ ನಿಂತಿತು. ಹಮದ್ ಕೈಯಲ್ಲಿದ್ದ ಸ್ಪ್ಯಾನರ್ ಬಿಟ್ಟು ತಲೆಯೆತ್ತಿದ. ದೂರದಲ್ಲಿ, ಗೆಜಿರಾದ ಹತ್ತಿ ಹೊಲಗಳ ಮೇಲೆ, ಔಷಧಿ ಸಿಂಪಡಿಸುವ ಹಳದಿ ವಿಮಾನ ಸದ್ದಿಲ್ಲದೆ ತೇಲುತ್ತಿತ್ತು.

ಬೆಳಿಗ್ಗೆ ಅದನ್ನು ಪರೀಕ್ಷಿಸಿ "ಹಾರಬಹುದು" ಎಂದು ಸಹಿ ಹಾಕಿದವನು ಅವನೇ. ಮೂವತ್ತೊಂದು ವರ್ಷ ದುಡಿದ ಮುದಿ ಮೆಕ್ಯಾನಿಕ್. ಬಲಗಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಅವನು ಟ್ರ್ಯಾಕ್ಟರಿನತ್ತ ಓಡಿದ.

ಮೇಲೆ ವಿಮಾನದಲ್ಲಿ ಪೈಲಟ್ ಬಾಬಿಕರ್ ಒಬ್ಬನೇ ಇದ್ದ. ಬೆನ್ನ ಹಿಂದೆ ಒಂದೇ ಸಮನೆ ಶಿಳ್ಳೆ ಹಾಕುವ ಗಾಳಿ, ಮುಂದಿನ ತೊಟ್ಟಿಯಲ್ಲಿ ನಾನೂರು ಲೀಟರ್ ವಿಷ. ಎಂಜಿನ್ ಕೈಕೊಟ್ಟರೆ ಪೈಲಟ್ ಮೊದಲು ಆ ವಿಷವನ್ನು ಸುರಿದು ಭಾರ ಇಳಿಸಬೇಕು. ಆಮೇಲೆ ಎಂಜಿನ್ನನ್ನು ಮತ್ತೆ ಹೊತ್ತಿಸಲು ನೋಡಬೇಕು. ಬಾಬಿಕರ್ ಎರಡನ್ನೂ ಮಾಡಲಿಲ್ಲ. ಹನ್ನೊಂದು ವರ್ಷ ಹಾರಿದ ಕೈಗಳು ತೊಡೆಯ ಮೇಲೆಯೇ ಇದ್ದವು. ಅಂಥ ಹೊತ್ತಿನಲ್ಲಿ ಎಂಥವರ ಕೈಯೂ ಮರಗಟ್ಟುತ್ತದೆ.

ನೆಲ ಮೇಲೇರಿ ಬರುತ್ತಿತ್ತು. ಆಗ ಕಂಡರು ಹೆಂಗಸರು.

ಮೂವತ್ತು ಜನರಿರಬಹುದು. ನೇರ ಎದುರಿಗೆ, ಹತ್ತಿಯ ಸಾಲುಗಳ ನಡುವೆ ಕಳೆ ಕೀಳುತ್ತಿದ್ದರು. ಮೈಗೆ ಸುತ್ತಿದ ತೋಬುಗಳು ಕೆಂಪು, ಹಸಿರು, ನೀಲಿ. ಸದ್ದಿಲ್ಲದ ವಿಮಾನವನ್ನು ಯಾರೂ ಗಮನಿಸಿರಲಿಲ್ಲ.

ಬಾಬಿಕರ್ ಕಿರುಚಿದ. ಅದು ಅವನಿಗೊಬ್ಬನಿಗೇ ಕೇಳಿಸಿತು. ಕೈಗಳು ವಿಮಾನ ತಿರುಗಿಸುವ ಹಿಡಿಯನ್ನು ಕಚ್ಚಿಹಿಡಿದವು. ವಿಷ ಸುರಿದರೆ ವಿಮಾನ ಹಗುರಾಗಿ ತಿರುಗುತ್ತದೆ. ಆದರೆ ಸುರಿಯುವುದು ಅವರ ತಲೆಯ ಮೇಲೆ. ಅವನು ಸುರಿಯಲಿಲ್ಲ. ಅಷ್ಟೂ ಭಾರ ಹೊತ್ತ ವಿಮಾನವನ್ನು ಎಡಕ್ಕೆ ಎಳೆದ. ರೆಕ್ಕೆಯ ತುದಿ ಗಿಡಗಳನ್ನು ಸವರಿತು. ವಿಮಾನ ಕಾಲುವೆ ದಾಟಿತು. ಆಚೆಯ ಬೀಳು ನೆಲದ ಮೇಲೆ ತೊಟ್ಟಿಯ ಬಾಯಿ ತೆರೆದ. ಮರುಕ್ಷಣ ಚಕ್ರಗಳು ಕಿತ್ತುಹೋದವು. ವಿಮಾನ ಹೊಟ್ಟೆಯ ಮೇಲೆ ಜಾರುತ್ತ ಹೋಗಿ ಧೂಳಿನಲ್ಲಿ ಮುಳುಗಿತು.

ಹೆಂಗಸರು ಕಾಲುವೆಯ ಪುಟ್ಟ ಸೇತುವೆ ದಾಟಿ ಓಡಿಬಂದು ಅವನನ್ನು ಹೊರಗೆಳೆದರು. ಎಡಗಾಲು ಮುರಿದಿತ್ತು. ಸಿತ್ತನಾ ಎಂಬ ಮುದುಕಿ ಅವನ ತಲೆಯನ್ನು ಮಡಿಲಲ್ಲಿಟ್ಟುಕೊಂಡಳು.

"ಎಷ್ಟು ಮನೆ ದೀಪ ಉಳಿಸ್ದೆಯೋ ಕಂದಾ! ನಿಂಗೆ ನೂರು ವರ್ಷ ಆಯಸ್ಸು ಕೊಡ್ಲಿ ದೇವ್ರು!"

"ಹಾಗೆ ಹರಸ್ಬೇಡಿ ಅಮ್ಮಾ," ಎಂದು ಬಾಬಿಕರ್ ಮುಖ ತಿರುಗಿಸಿದ.

ಟ್ರ್ಯಾಕ್ಟರ್ ಬಂತು. ಹಮದ್ ಧುಮುಕಿದವನೇ ಮೊದಲು ವಿಮಾನದ ಬಳಿಗೆ ಹೋಗಿ, ಪೈಲಟ್ ಕೂರುವಲ್ಲಿಗೆ ಅರ್ಧ ಮೈ ಬಗ್ಗಿಸಿದ. ಈಚೆ ಬಂದಾಗ ಅವನ ಮುಖ ಬೂದಿಬಣ್ಣಕ್ಕೆ ತಿರುಗಿತ್ತು. ಟ್ರ್ಯಾಕ್ಟರಿನಲ್ಲಿ ಜೊತೆಗೇ ಬಂದಿದ್ದ ಮ್ಯಾನೇಜರ್ ತಾಜುಸ್ಸಿರ್ ಅವನ ಎದುರೇ ನಿಂತಿದ್ದ.

"ನೋಡ್ದಾ ಮುದುಕಾ? ನಿನ್ನ ಕಣ್ಣಿಗೆ ಎಂಜಿನ್ ಯಾವ್ದು, ಕತ್ತೆ ಯಾವ್ದು ಗೊತ್ತಾಗಲ್ಲ ಅಂತ ಆವಾಗ್ಲೇ ಹೇಳ್ಲಿಲ್ವಾ? ಇವನು ಈಗ್ಲೇ ಹಾರೋದು ಬೇಡ ಅಂತಾನೂ ನಾನಂದೆ. 'ಕೆಲಸಕ್ಕೆ ಬಂದ್ರೆ ಚೇತರಿಸ್ಕೋತಾನೆ' ಅಂದೋನೂ ನೀನೇ!"

ಬಾಬಿಕರ್‌ನ ಆರು ವರ್ಷದ ಮಗಳು ಬತೂಲ್ ಸತ್ತು ನಲವತ್ತು ದಿನವಾಗಿತ್ತು. ವಿಷದ ಖಾಲಿ ಡಬ್ಬಿಯಲ್ಲಿ ತುಂಬಿಟ್ಟ ನೀರು ಕುಡಿದಿದ್ದಳು. ಮೂರು ಸಲ ತೊಳೆದ ಡಬ್ಬಿ. ಊರಿನ ಎಲ್ಲರ ಮನೆಯಲ್ಲೂ ಅಂಥವಿದ್ದವು. ಇದನ್ನು ಮನೆಗೆ ತಂದವನು ಬಾಬಿಕರ್.

"ಹಮದ್ ಚಿಕ್ಕಪ್ಪನ್ನ ಬೈಬೇಡಿ ಸಾಹೇಬ್ರೇ," ಎಂದ ಬಾಬಿಕರ್. "ಎಂಜಿನ್ ಚೆನ್ನಾಗೇ ಇತ್ತು."

"ಚೆನ್ನಾಗಿದ್ದದ್ದು ನಿಂತಿದ್ದು ಯಾಕೆ?"

ಬಾಬಿಕರ್ ಬಾಯಿ ತೆರೆದ.

"ಸುಮ್ನಿರೋ!" ಹಮದ್ ಗದರಿದ. "ನೋವಿಗೆ ಏನೇನೋ ಬಡಬಡಿಸ್ತಿದಾನೆ ಸಾಹೇಬ್ರೇ. ಪೆಟ್ರೋಲಲ್ಲಿ ನೀರಿತ್ತು. ಬೆಳಿಗ್ಗೆ ನಾನು ನೋಡ್ಲಿಲ್ಲ. ಮರ್ತೆ. ತಪ್ಪು ನಂದೇ."

ಸಿತ್ತನಾ ಹಮದ್‌ನ ಕಾಲ ಬುಡದಲ್ಲಿ ಉಗುಳಿದಳು. ತಾಜುಸ್ಸಿರ್ ಅಲ್ಲೇ ನಿಂತು ಅವನನ್ನು ಕೆಲಸದಿಂದ ತೆಗೆದ. ಪೊಲೀಸರಿಗೆ ಹೇಳಿಕಳಿಸುವುದಾಗಿಯೂ ಹೇಳಿದ. ಹಮದ್ ತಲೆಯಾಡಿಸಿದ.

ಟ್ರ್ಯಾಕ್ಟರಿಗೆ ಎತ್ತಿ ಮಲಗಿಸುವಾಗ ಬಾಬಿಕರ್ ಅವನ ತೋಳು ಹಿಡಿದ.

"ಯಾಕೆ ಚಿಕ್ಕಪ್ಪಾ?"

"ಮನೇಲಿ ನಿನ್ ಹೆಂಡ್ತಿ ಒಬ್ಳೇ ಇದಾಳಲ್ಲೋ."

"ಅವಳು ನನ್ನ ಮುಖಾನೂ ನೋಡಲ್ಲ."

"ಗೊತ್ತು."

ಮುದುಕ ಅವನ ಕೈ ಬಿಡಿಸಿ ಹಿಂದೆ ಸರಿದ. ಟ್ರ್ಯಾಕ್ಟರ್ ಧೂಳೆಬ್ಬಿಸಿಕೊಂಡು ಹೋಯಿತು. ಹಮದ್ ಅದರ ಹಿಂದೆ ನಡೆಯತೊಡಗಿದ.

ಪೆಟ್ರೋಲಿನಲ್ಲಿ ನೀರಿರಲಿಲ್ಲ, ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ಬಿಡುವ ನಲ್ಲಿಯನ್ನು, ಹೆಂಗಸರು ಕಣ್ಣಿಗೆ ಬೀಳುವ ಮೊದಲೇ, ಬಾಬಿಕರ್ ತನ್ನ ಕೈಯಾರೆ ಮುಚ್ಚಿದ್ದ, ಮತ್ತು ಯಾರೂ ನೋಡುವ ಮುನ್ನ ಹಮದ್ ಅದನ್ನು ತೆರೆದಿಟ್ಟಿದ್ದ.