ನೂರಿಪ್ಪತ್ತು ದಾಟಿದ ಮೇಲೆ

ನಮ್ಮ ಜಿಮ್ಮಿಗೆ ಬರುವ ಮೇಷ್ಟ್ರೊಬ್ಬರ ಹೃದಯಕ್ಕೆ ಸ್ಟೆಂಟ್ ಹಾಕಿದ್ದಾರೆ. ಎದೆಬಡಿತ ನೂರಿಪ್ಪತ್ತು ದಾಟಬಾರದೆಂದು ಡಾಕ್ಟರು ಬರೆದ ಚೀಟಿ ನನ್ನ ಬಳಿಯೇ ಇದೆ. ಆದರೂ ದಿನಾ ಬೆಳಿಗ್ಗೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಟ್ರೆಡ್‌ಮಿಲ್ ಮೇಲೆ ಹುಚ್ಚು ಹಿಡಿದವರಂತೆ ಓಡುತ್ತಾರೆ. ಟ್ರೈನರ್ ಆಗಿ ಎಷ್ಟು ದಿನ ಸುಮ್ಮನಿರಲಿ? ಇವತ್ತು ರೇಗಿಹೋಯಿತು.

"ನಿಧಾನ ಸಾರ್! ನಿಮಗೇನಾದ್ರೂ ಆದ್ರೆ ಯಾರು ಜವಾಬ್ದಾರಿ?"

"ಇದು ನನ್ ಮಗಳು ಮಾಡಿಕೊಟ್ಟಿರೋ ಆ್ಯಪ್ ಕಣಯ್ಯ," ಎಂದರು ಏದುಸಿರಿನಲ್ಲೇ. "ಎದೆಬಡಿತ ಏರಿದ ಹಾಗೆ ಹಾಡೂ ತಾನಾಗೇ ಜೋರಾಗುತ್ತೆ."

"ಹಾಡಿಗೋಸ್ಕರ ಪ್ರಾಣ ಕೊಡ್ತೀರಾ? ಮಗಳ ನಂಬರ್ ಕೊಡಿ, ಅವರಿಗೇ ಹೇಳ್ತೀನಿ."

"ಅವಳು ತೀರಿಹೋಗಿ ಎಂಟು ತಿಂಗಳಾಯ್ತು."

ಮಷಿನ್ ನಿಲ್ಲಿಸಲು ಕೈ ಚಾಚಿದೆ. ಅವರು ಓಡುತ್ತಲೇ ನನ್ನ ಕೈ ತಡೆದು, ಒಂದು ಇಯರ್‌ಫೋನ್ ತೆಗೆದುಕೊಟ್ಟರು. ಕಿವಿಗಿಟ್ಟುಕೊಂಡೆ. ತಮಟೆಯ ಸದ್ದಿನ ಹಾಡು ಅಬ್ಬರಿಸುತ್ತಿತ್ತು. ಅವರ ವಾಚಿನಲ್ಲಿ ನೂರಾ ಹತ್ತೊಂಬತ್ತು, ನೂರಿಪ್ಪತ್ತು, ನೂರಾ ಇಪ್ಪತ್ತೊಂದು. ಹಾಡು ಥಟ್ಟನೆ ನಿಂತಿತು. ಇಯರ್‌ಫೋನಿನಲ್ಲಿ ಹುಡುಗಿಯೊಬ್ಬಳು ಗದರಿದಳು:

"ಅಪ್ಪಾ, ಸಾಕು, ಕೂತ್ಕೊ. ನಂಗಿರೋದು ನೀನೊಬ್ಬನೇ."